7620 ಎಂದು ಬರೆದು 7315 ಎಳೆದಿರುವ ನಕ್ಷೆಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ನಕ್ಷೆ ಮತ್ತು ಕ್ಯಾಡ್ ಸೇವಾ ಕಚೇರಿ, ಬಳ್ಳಾರಿ

ವಿಷಯ: ಸಿರುಗುಪ್ಪ ರಸ್ತೆ ಕಡೆಯ 30×40 ಸೈಟಿನ ಮನೆ ನಕ್ಷೆಯಲ್ಲಿ ಅಳತೆಗಳನ್ನು ಕೈಯಿಂದ ಟೈಪ್ ಮಾಡಿ ಕೊಟ್ಟಿರುವುದು

ಮಾನ್ಯರೇ,

ಫೋನಿನಲ್ಲಿ ಹೇಳಿದ್ದಾಯಿತು, ಕಚೇರಿಗೆ ಬಂದು ತೋರಿಸಿದ್ದೂ ಆಯಿತು. "ನೋಡ್ತೀವ್ರಿ" ಅನ್ನುವುದರ ಹೊರತು ಬೇರೆ ಉತ್ತರ ಸಿಗದ್ದರಿಂದ ಈಗ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ.

ಕೆಲಸ ದೊಡ್ಡದಲ್ಲ. ಮಾಲೀಕರ ಹತ್ತಿರ 1:50 ಸ್ಕೇಲಿನ (ಕಾಗದದ 1 ಮಿ.ಮೀ. ಅಂದರೆ ಸೈಟಿನಲ್ಲಿ 50 ಮಿ.ಮೀ.) ಹಳೆಯ ಎ2 ನಕ್ಷೆ ಇತ್ತು, ಒಳಗಿನ ಅಂಕಿಗಳು ಮಾಸಿದ್ದವು. ಅದನ್ನು ಸ್ಕ್ಯಾನ್ ಮಾಡಿ, ನಕ್ಷೆ ಎಳೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ಗೆ ತಂದು, ಗೆರೆ ಎಳೆದು ಅಳತೆ ಹಾಕಬೇಕಿತ್ತು. ಮುಂಭಾಗದ ಅಗಲ 25 ಅಡಿ, ಅಂದರೆ 7620 ಮಿ.ಮೀ. ಎಂದು ಮೊದಲೇ ಬರೆದು ಕೊಟ್ಟಿದ್ದೆವು. ಸ್ಕ್ಯಾನ್ ಮಾಡಿದ ಚಿತ್ರ ತಂದ ಕೂಡಲೇ ಸ್ಕೇಲ್ ಕಮಾಂಡಿನ ರೆಫರೆನ್ಸ್ ಆಯ್ಕೆಯಲ್ಲಿ (ಗೊತ್ತಿರುವ ಒಂದು ಅಳತೆಗೆ ಇಡೀ ಚಿತ್ರವನ್ನು ಹೊಂದಿಸುವುದು) ಮುಂಭಾಗದ ಎರಡು ಮೂಲೆ ಹಿಡಿದು 7620 ಕೊಟ್ಟಿದ್ದರೆ ಎಲ್ಲವೂ ಕೂಡುತ್ತಿತ್ತು. ಆಮೇಲೆ ಅಡ್ಡಕ್ಕೂ ಉದ್ದಕ್ಕೂ ಒಂದೊಂದು ಅಳತೆ ಪರೀಕ್ಷಿಸಬೇಕು, ಸ್ಕ್ಯಾನರಿನ ಉರುಳೆ ಕಾಗದವನ್ನು ಎಳೆಯುವಾಗ ಚಿತ್ರ ಒಂದೇ ದಿಕ್ಕಿಗೆ ಹಿಗ್ಗುವುದುಂಟು.

ನೀವು ಮಾಡಿದ್ದು ಬೇರೆ. ಸ್ಕ್ಯಾನನ್ನು ಪಿಡಿಎಫ್ ಮಾಡುವಾಗ, ಚಿತ್ರವನ್ನು ಹಾಳೆಗೆ ಹೊಂದಿಸುವ 'ಫಿಟ್ ಟು ಪೇಜ್' ಆಯ್ಕೆಯನ್ನು ತೆಗೆಯದೆ ಹಾಗೇ ಇಟ್ಟಿದ್ದೀರಿ. ಅಂಚಿಗೆ ಜಾಗ ಮಾಡಲು ಚಿತ್ರ 96 ಶೇಕಡಕ್ಕೆ ಕುಗ್ಗಿದೆ. ಶೀರ್ಷಿಕೆಯಲ್ಲಿ 1:50 ಎಂದಿದೆ ಅಂತ ಆ ಕುಗ್ಗಿದ ಚಿತ್ರವನ್ನೇ 50 ಪಟ್ಟು ಹಿಗ್ಗಿಸಿ ಅಳತೆ ಹಾಕಿದ್ದೀರಿ. ಹೀಗಾಗಿ 7620 ಇರಬೇಕಾದ ಕಡೆ 7315 ಬಂದಿದೆ, 25 ಅಡಿಯ ಮನೆ 24 ಅಡಿಯಾಗಿದೆ.

ಇಷ್ಟರಲ್ಲೇ ನಿಂತಿದ್ದರೆ ಅಚಾತುರ್ಯ ಅನ್ನಬಹುದಿತ್ತು. ಆದರೆ ಒಟ್ಟು ಅಗಲ ತಪ್ಪಿದ್ದು ನಿಮ್ಮವರಿಗೆ ಗೊತ್ತಾಗಿದೆ. ಗೊತ್ತಾದ ಮೇಲೂ ಚಿತ್ರವನ್ನು ಸರಿಪಡಿಸದೆ ಅಂಕಿಯ ಮೇಲೆ 7620 ಎಂದು ಟೈಪ್ ಮಾಡಿದ್ದಾರೆ. ಗೋಡೆಗಳ ದಪ್ಪ 221, 110 ಎಂದು ಬಂದದ್ದು ವಿಚಿತ್ರವಾಗಿ ಕಾಣುತ್ತದೆಂದು 230, 115 ಮಾಡಿದ್ದಾರೆ. ಕಣ್ಣಿಗೆ ಬೀಳುವಂಥವನ್ನು ತಿದ್ದಿ, ಕೋಣೆಗಳ 3250 ಮತ್ತು 3514 ಅನ್ನು ಹಾಗೇ ಬಿಟ್ಟಿದ್ದಾರೆ. ಕೂಡಿ ನೋಡಿ: 230, 3250, 115, 3514, 230. ಒಟ್ಟು 7339. ಮೇಲಿನ ಗೆರೆಯಲ್ಲಿ 7620. ನಡುವೆ 281 ಮಿ.ಮೀ., ಅಂದರೆ ಸುಮಾರು 11 ಇಂಚು, ಎಲ್ಲಿ ಹೋಯಿತು?

ಇದನ್ನು ಕೇಳಲು ಬಂದ ದಿನದ ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ, ನಿಮ್ಮ ಮೇಲಿನವರಿಗೂ ತಿಳಿಯಲಿ. ಕೌಂಟರಿನಲ್ಲಿದ್ದವರು ಎದ್ದೂ ನಿಲ್ಲದೆ, "ಸಾಫ್ಟ್‌ವೇರ್ ತಪ್ಪ ಹೇಳಂಗಿಲ್ರಿ" ಅಂದರು. ಆ ಅಳತೆಯನ್ನು ಆರಿಸಿ ಪ್ರಾಪರ್ಟೀಸ್ ತೆರೆಯಿರಿ ಅಂದೆ. ತೆರೆದರು. ಮೆಷರ್‌ಮೆಂಟ್ (ಗೆರೆಯ ನಿಜವಾದ ಅಳತೆ) ಎದುರು 7315, ಟೆಕ್ಸ್ಟ್ ಓವರ್‌ರೈಡ್ (ಅದರ ಮೇಲೆ ಕೈಯಿಂದ ಟೈಪ್ ಮಾಡಿದ್ದು) ಎದುರು 7620. ಇಬ್ಬರೂ ನೋಡಿದೆವು. ಅವರು ಮಾನಿಟರನ್ನು ಆ ಕಡೆ ತಿರುಗಿಸಿದರು. "ಡೌಟ್ ಇದ್ರ ಪ್ರಿಂಟ್ ಮ್ಯಾಲೆ ಸ್ಕೇಲ್ ಇಟ್ಟು ಅಳಕೊಳ್ರಿ" ಅಂದರು. ನಿಮ್ಮದೇ ಹಾಳೆಯ ಕೆಳಮೂಲೆಯಲ್ಲಿ 'ಬರೆದ ಅಳತೆಯನ್ನೇ ಅನುಸರಿಸಿ, ಸ್ಕೇಲ್ ಇಟ್ಟು ಅಳೆಯಬೇಡಿ' ಎಂದು ಅಚ್ಚಾಗಿದೆಯಲ್ಲ ಅಂತ ಬೆರಳಿಟ್ಟು ತೋರಿಸಿದೆ. ಅದಕ್ಕೆ, ಕೂತಿದ್ದ ಬೇರೆ ಗಿರಾಕಿಗಳ ಮುಂದೆ, "ಊರೆಲ್ಲ ನಮ್ ಪ್ಲಾನ್ ಹಿಡದೇ ಕಟ್ತಾರ, ನಿಮಗೊಬ್ರಿಗೇ ಯಾಕ್ರಿ ಲೆಕ್ಕ ಕೂಡಂಗಿಲ್ಲ? ಎಂಜಿನಿಯರ್ ಹೌದಲ್ಲೋ ನೀವು?" ಅಂದರು. ಹೌದು, ಎಂಜಿನಿಯರೇ. ಅದಕ್ಕೇ ಕೂಡಿ ನೋಡಿದ್ದು.

ಆ ಸೂಚನೆಯನ್ನು ಹಾಳೆಯ ಮೇಲೆ ಹಾಕುವವರು ಬರೆದ ಅಂಕಿಗೆ ಹೊಣೆಯಾಗಬೇಕು. ಮೇಸ್ತ್ರಿ ನಂಬುವುದು ಅದೊಂದನ್ನೇ. ಸೈಟಿನಲ್ಲಿ ಎಡಗಡೆಯಿಂದ ಟೇಪು ಹಿಡಿದು ನಡುಗೋಡೆಯ ಕಾಲಂ ಗುರುತು ಮಾಡಿ ಗುಂಡಿ ತೋಡಿದ್ದಾರೆ. 3385 ಇರಬೇಕಾದ ಕೋಣೆ 3250 ಆದ್ದರಿಂದ ಆ ಸಾಲು 135 ಮಿ.ಮೀ. ಪಕ್ಕಕ್ಕೆ ಕೂತಿದೆ. ಬಲಗಡೆಯಿಂದ ಅಳೆದಾಗ ನಡುಗೋಡೆ ಇನ್ನೊಂದು ಕಡೆ ಬಿತ್ತು, ಆಗ ಗೊತ್ತಾಯಿತು. ಅಲ್ಲಿರುವುದು ಎರೆ ಮಣ್ಣು, ನೀರು ಬಿದ್ದರೆ ಉಬ್ಬಿ ಒಣಗಿದರೆ ಕುಗ್ಗುವಂಥದ್ದು. ಹೆಚ್ಚಾಗಿ ತೋಡಿದ್ದಕ್ಕೆ ಮಣ್ಣು ತುಂಬಿ ಅದರ ಮೇಲೆ ಫುಟಿಂಗ್ (ಕಾಲಂನ ಬುಡದ ಅಡಿಪಾಯ) ಕೂರಿಸುವಂತಿಲ್ಲ. ಗುಂಡಿ ಅಗಲ ಮಾಡಿ, ಹೆಚ್ಚುವರಿ ಜಾಗಕ್ಕೆ ಬೆಡ್ ಕಾಂಕ್ರೀಟ್ ಹಾಕಬೇಕು. ಆ ಖರ್ಚು ನಿಮ್ಮದು.

ನಮಗೆ ಬೇಕಾದದ್ದು: ರೆಫರೆನ್ಸ್ ಹಿಡಿದು ಮತ್ತೆ ಸ್ಕೇಲ್ ಮಾಡಿದ ನಕ್ಷೆ. ಟೈಪ್ ಮಾಡಿದ ಒಂದು ಅಂಕಿಯೂ ಉಳಿಯಬಾರದು. ಓವರ್‌ರೈಡ್ ಖಾಲಿ ಮಾಡಿದರೆ ನಿಜವಾದ ಅಳತೆ ತಾನೇ ಬರುತ್ತದೆ. ಅಳತೆಯನ್ನು ಗೆರೆಗೆ ಜೋಡಿಸುವ ಡಿಮ್‌ಅಸೋಕ್ ಸೆಟ್ಟಿಂಗ್ 2 ಇರಲಿ, ಗೆರೆ ಸರಿದರೆ ಅಂಕಿಯೂ ಬದಲಾಗಲಿ. ಅಕ್ಷರ ಕಾಗದದ ಮೇಲೆ 2.5 ಮಿ.ಮೀ. ಬರಲಿ, 1:50ಕ್ಕೆ ಮಾಡೆಲ್‌ನಲ್ಲಿ (ನಿಜವಾದ ಗಾತ್ರದಲ್ಲಿ ಎಳೆಯುವ ಕಡೆ) 125. ಅಳತೆ ಇಟ್ಟಿಗೆಯ ಮುಖಕ್ಕೋ ಪ್ಲಾಸ್ಟರಿಗೋ ಎಂದು ಬರೆಯಿರಿ. ಹಾಳೆಯ ಮೇಲೆ ನಕ್ಷೆ ತೋರಿಸುವ ಚೌಕಟ್ಟಾದ ವ್ಯೂಪೋರ್ಟನ್ನು ಸ್ಕೇಲ್ ಬದಲಾಗದಂತೆ ಲಾಕ್ ಮಾಡಿ, ನೂರು ಶೇಕಡ ಅಳತೆಗೆ ಪ್ರಿಂಟ್ ತೆಗೆಯಿರಿ, ಹಾಳೆಯ ಮೇಲೆ ಸ್ಕೇಲ್ ಪಟ್ಟಿಯನ್ನೂ ಎಳೆಯಿರಿ. ಪಿಡಿಎಫ್ ಜತೆಗೆ ಆಟೋಕ್ಯಾಡ್‌ನ ಮೂಲ ಡಿಡಬ್ಲ್ಯೂಜಿ ಫೈಲೂ ಬೇಕು.

ಬಿಲ್ಲು ಮನೆ ಮಾಲೀಕರ ಹೆಸರಿನಲ್ಲಿದೆ. ಹದಿನೈದು ದಿನದೊಳಗೆ ಸರಿಯಾದ ನಕ್ಷೆ ಮತ್ತು ಗುಂಡಿ ಕೆಲಸದ ಹಣ ಬರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಅವರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಾರೆ. ನಿಮ್ಮ ಹಾಳೆ, ಅದರ ಮೇಲಿನ ಸೂಚನೆ, 7339ರ ಕೂಡಿಕೆ ಮೂರನ್ನೂ ಆಯೋಗದ ಮುಂದೆ ಇಡುತ್ತೇವೆ. ಸಾಕ್ಷಿ ಹೇಳಲು ನಾನೇ ಬರುತ್ತೇನೆ.

ಇಂತಿ,
ಸೈಟ್ ಎಂಜಿನಿಯರ್, ಬಳ್ಳಾರಿ