ತೋಟದ ಚಿತ್ರದ ಜೊತೆ ತಿಂಗಳನ್ನೂ ಮುದ್ರಿಸಿ

ಮಾನ್ಯರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಪ್ರವಾಸ ಪುರವಣಿಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ಚಿತ್ರಗಳು ಕಾಣಿಸಿಕೊಳ್ಳುತ್ತವೆ. ಒಂದು ಕಪ್ಪು-ಬಿಳುಪು ಮನೆ, ಮೈತುಂಬ ಹೂ ಬಿಟ್ಟ ಸೇಬಿನ ಮರ, ಕೆಳಗೆ ಎರಡು ಸಾಲು ವಿವರಣೆ. ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್ ಕಡೆ ಮಕ್ಕಳ ಮನೆಗೆ ಬರುವ ತಂದೆತಾಯಂದಿರು ಆ ಚಿತ್ರ ನಂಬಿ ಜುಲೈನಲ್ಲಿ ತೋಟ ನೋಡಲು ಹೊರಡುತ್ತಾರೆ. ಜುಲೈನಲ್ಲಿ ಅಲ್ಲಿ ಹೂವೂ ಇಲ್ಲ, ಹಣ್ಣೂ ಇಲ್ಲ. ಇರುವುದು ಎಲೆಯ ಮರೆಯಲ್ಲಿ ಹಸಿರು ಹೀಚು ಮಾತ್ರ. ಹೀಗಾಗಿ ಹೆರೆಫರ್ಡ್‌ಶೈರ್‌ನ ಲೆಡ್ಬರಿ ಊರನ್ನೇ ಉದಾಹರಣೆಯಾಗಿಟ್ಟುಕೊಂಡು ಕೆಲವು ವಿವರ ಬರೆಯುತ್ತಿದ್ದೇವೆ.

ಹೂವಿಗೆ ಹೋಗುವವರು ಏಪ್ರಿಲ್ ಕೊನೆ ಮತ್ತು ಮೇ ಮೊದಲೆರಡು ವಾರ ಇಟ್ಟುಕೊಳ್ಳಬೇಕು. ಮೊದಲು ಪೇರ್ ಮರಗಳು ಬೆಳ್ಳಗಾಗುತ್ತವೆ, ಅದರ ಹಿಂದೆಯೇ ನಸುಗೆಂಪಿನ ಸೇಬಿನ ಹೂವು. ಮೇ ಮೊದಲ ಸೋಮವಾರದ ರಜೆಯ ಹೊತ್ತಿಗೆ ಲೆಡ್ಬರಿಯ ಪಶ್ಚಿಮಕ್ಕಿರುವ ಪುಟ್ಲಿ ಹಳ್ಳಿಯಲ್ಲಿ ಹೂವಿನ ಹಬ್ಬವೇ ನಡೆಯುತ್ತದೆ. ಹಣ್ಣು ನೋಡಬೇಕೆಂದರೆ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗೆ ಬರಬೇಕು.

ಲೆಡ್ಬರಿಗೆ ರೈಲಿದೆ. ಬರ್ಮಿಂಗ್‌ಹ್ಯಾಮಿನಿಂದಲೂ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದಲೂ ನೇರ ಗಾಡಿಗಳಿವೆ. ಆದರೆ ಲೆಡ್ಬರಿಯ ಎರಡೂ ಬದಿ ಒಂಟಿ ಹಳಿ. ಎದುರಿನ ಗಾಡಿ ಬರುವವರೆಗೆ ಈ ಕಡೆಯ ಗಾಡಿ ಕಾಯಬೇಕು, ಒಂದು ತಡವಾದರೆ ಮುಂದಿನದೂ ತಡ. ಹಿಂತಿರುಗಲು ಕೊನೆಯ ಗಾಡಿಯನ್ನೇ ನೆಚ್ಚಿಕೊಳ್ಳಬೇಡಿ, ಅದಕ್ಕಿಂತ ಒಂದು ಮುಂಚಿನದನ್ನು ಹಿಡಿಯಿರಿ. ನಿಲ್ದಾಣದ ಪಕ್ಕದ 31 ಕಮಾನಿನ ಇಟ್ಟಿಗೆ ಸೇತುವೆ, ಗಾಡಿಯಲ್ಲಿ ಅದರ ಮೇಲೆ ಕೂತು ಹೋಗುವವರಿಗೆ ಕಾಣುವುದಿಲ್ಲ. ಕೆಳಗೆ ಹೆರೆಫರ್ಡ್ ರಸ್ತೆಗೆ ನಡೆದು ಹೋಗಿ ತಲೆಯೆತ್ತಿ ನೋಡಬೇಕು.

ಊರ ನಡುವಿನ ಮಾರ್ಕೆಟ್ ಹೌಸ್ ಕಟ್ಟಲು ಶುರುವಾದದ್ದು 1617ರಲ್ಲಿ. 16 ಮರದ ಕಂಬಗಳ ಮೇಲೆ ನಿಂತ ಅಟ್ಟ ಅದು. ಆಗ ಮೇಲೆ ಧಾನ್ಯದ ಉಗ್ರಾಣ, ಕೆಳಗೆ ನೆರಳಲ್ಲಿ ಸಂತೆ. ಮಂಗಳವಾರ ಮತ್ತು ಶನಿವಾರ ಆ ಕಂಬಗಳ ನಡುವೆ ಈಗಲೂ ಅಂಗಡಿ ಹೂಡುತ್ತಾರೆ, ಹೋಗುವುದಾದರೆ ಆ ದಿನಗಳಲ್ಲೇ ಹೋಗಿ. ಕಂಬದ ಹತ್ತಿರ ನಿಂತು ತೊಲೆಗಳ ಕೂಡುಗಳನ್ನು ದಿಟ್ಟಿಸಿದರೆ ಈ ಸೀಮೆಯ ಬಡಗಿತನ ಅರ್ಥವಾಗುತ್ತದೆ. ಇಂಥ ಮನೆಗಳಿಗೆ ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು, ಒಣಗಿದ ಮೇಲೆ ಅದು ಉಳಿಗೆ ಮಣಿಯುವುದಿಲ್ಲ. ಚೌಕಟ್ಟನ್ನೆಲ್ಲ ನೆಲದ ಮೇಲೆ ಹಾಸಿ ಕೂಡಿಸಿ ನೋಡಿ, ಯಾವುದು ಎಲ್ಲಿಗೆಂದು ಗುರುತು ಕೊರೆದು, ಆಮೇಲೆ ಎತ್ತಿ ನಿಲ್ಲಿಸಿ ಮರದ ಗೂಟ ಹೊಡೆಯುತ್ತಿದ್ದರು. ವರ್ಷಗಳು ಕಳೆದಂತೆ ಓಕ್ ಒಣಗಿ ಕುಗ್ಗುತ್ತದೆ, ತೊಲೆ ತಿರುಚುತ್ತದೆ, ಗೋಡೆ ವಾಲುತ್ತದೆ; ಕೂಡು ಮಾತ್ರ ಇನ್ನಷ್ಟು ಬಿಗಿಯಾಗುತ್ತದೆ. ವಾಲಿದ ಮನೆ ಕಂಡು ಶಿಥಿಲವೆಂದು ಬರೆಯುವುದು ಆದ್ದರಿಂದ ತಪ್ಪು. ಗೂಟ ಕಿತ್ತರೆ ಇಡೀ ಮನೆಯನ್ನು ಬಿಚ್ಚಿ ಬೇರೆಡೆ ಕೂಡಿಸಲೂಬಹುದು. ಈಗ ಚರ್ಚ್ ಲೇನ್‌ನಲ್ಲಿರುವ ಬುಚರ್ ರೋ ಹೌಸ್ ಒಂದು ಕಾಲಕ್ಕೆ ಮುಖ್ಯ ಬೀದಿಯಲ್ಲಿತ್ತು. ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಇನ್ನೊಂದು ಮಾತು: ಮರಕ್ಕೆ ಕಪ್ಪು ಬಳಿಯುವುದು ಬಹುಮಟ್ಟಿಗೆ 19ನೇ ಶತಮಾನದ ಫ್ಯಾಷನ್ನು. ಹಾಗೇ ಬಿಟ್ಟ ಓಕ್ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ.

ಕಲ್ಲುಹಾಸಿನ ಚರ್ಚ್ ಲೇನ್ ಹಿಡಿದರೆ ಎರಡು ನಿಮಿಷದಲ್ಲಿ ಚರ್ಚು. ಗಂಟೆ ಗೋಪುರ ಇಲ್ಲಿ ಚರ್ಚಿಗೆ ಅಂಟಿಕೊಳ್ಳದೆ ಬೇರೆಯಾಗಿಯೇ ನಿಂತಿದೆ. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ, 1645ರ ಏಪ್ರಿಲಿನಲ್ಲಿ, ದೊರೆಯ ಪಡೆಗೂ ಪಾರ್ಲಿಮೆಂಟಿನ ಪಡೆಗೂ ಇದೇ ಬೀದಿಗಳಲ್ಲಿ ಕಾಳಗವಾಯಿತು. ಚರ್ಚಿನ ಬಾಗಿಲಲ್ಲಿ ಗುಂಡಿನ ತೂತುಗಳು ಉಳಿದಿವೆ. ದಾರಿಯಲ್ಲೇ ಸಿಗುವ ಪೇಂಟೆಡ್ ರೂಮಿನ 16ನೇ ಶತಮಾನದ ಗೋಡೆ ಚಿತ್ರಗಳನ್ನು ತಪ್ಪಿಸಿಕೊಳ್ಳಬೇಡಿ. ಇದು, ಬುಚರ್ ರೋ ಹೌಸ್ ಇಂಥ ಚಿಕ್ಕ ಸಂಗ್ರಹಾಲಯಗಳನ್ನು ನಡೆಸುವವರು ಸ್ವಯಂಸೇವಕರು, ಚಳಿಗಾಲದಲ್ಲಿ ಬಾಗಿಲು ತೆಗೆಯುವುದು ಕಡಿಮೆ. ಹೊರಡುವ ಮೊದಲು ವೇಳೆ ನೋಡಿಕೊಳ್ಳಿ.

ಇನ್ನು ತೋಟ. ಅತಿ ಹೆಚ್ಚು ತಪ್ಪು ಮಾಹಿತಿ ಬರುವುದು ಇಲ್ಲೇ. ಲೆಡ್ಬರಿ, ಪುಟ್ಲಿ, ಮಚ್ ಮಾರ್ಕಲ್ ಸುತ್ತಿನ ಬಹುಪಾಲು ತೋಟ ಸೈಡರ್ ಎಂಬ ಮದ್ಯಕ್ಕೆ ಬಳಸುವ ಸೇಬಿನದು, ತಿನ್ನುವ ಸೇಬಿನದಲ್ಲ. ಬಣ್ಣ ನೋಡಿ ಕಚ್ಚಿದರೆ ಗೇರುಹಣ್ಣು ಕಚ್ಚಿದ ಹಾಗೆ ನಾಲಿಗೆ ಹಿಡಿಯುತ್ತದೆ. ಆ ಒಗರು ಟ್ಯಾನಿನ್‌ನದು. ರಸದಲ್ಲಿ ಟ್ಯಾನಿನ್ 0.2%ಕ್ಕಿಂತ ಹೆಚ್ಚಿದ್ದರೆ ಕಹಿ-ಸಿಹಿ ಜಾತಿ, ಹುಳಿ 0.45%ಕ್ಕಿಂತ ಹೆಚ್ಚಿದ್ದರೆ ಹುಳಿ ಜಾತಿ, ಎರಡೂ ಹೆಚ್ಚಿದ್ದರೆ ಕಹಿ-ಹುಳಿ, ಎರಡೂ ಕಡಿಮೆಯಿದ್ದರೆ ಸಿಹಿ. ಪಾನೀಯಕ್ಕೆ ಮೈಕಟ್ಟು ಬರುವುದು ಆ ಒಗರಿನಿಂದಲೇ. ಮತ್ತೊಂದು ಎಚ್ಚರ, ಇದು ಮಕ್ಕಳೊಂದಿಗೆ ಬರುವವರಿಗೆ: ಅಮೆರಿಕದಲ್ಲಿ ಸೈಡರ್ ಎಂದರೆ ಹುಳಿಸದ ರಸವೂ ಆಗಬಹುದು, ಇಂಗ್ಲೆಂಡಿನಲ್ಲಿ ಹಾಗಲ್ಲ, ಅದು ಮದ್ಯ. ತೋಟದ ಮನೆಯ ಸೈಡರಿನಲ್ಲಿ 6-7% ಆಲ್ಕೋಹಾಲ್ ಇರುವುದು ಮಾಮೂಲು. ಪೇರ್‌ನಿಂದ ಮಾಡುವ ಪೆರಿಯೂ ಹಾಗೆಯೇ. ಕುಡಿಯದವರು ಆ್ಯಪಲ್ ಜ್ಯೂಸ್ ಎಂದೇ ಕೇಳಬೇಕು. ಒಂದೇ ಜಾತಿಯ ಸೇಬಿನಿಂದ ಹಿಂಡಿದ್ದು ಸಿಕ್ಕರೆ ಬಿಡಬೇಡಿ.

ತೋಟಗಳು ಖಾಸಗಿ ಜಮೀನು. ಅವುಗಳ ನಡುವೆ ಸಾರ್ವಜನಿಕ ಕಾಲುದಾರಿಗಳು ಹಾದು ಹೋಗುತ್ತವೆ. ಹಳದಿ ಬಾಣದ ಗುರುತಿದ್ದರೆ ನಡೆಯುವವರಿಗೆ ಮಾತ್ರ, ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲಿಗೂ ಸರಿ. ನಮ್ಮ ಕರಾವಳಿ, ಮಲೆನಾಡಿನ ತೋಟದ ಬೇಲಿಯಲ್ಲಿ ತಡಮೆ ಇರುತ್ತದಲ್ಲ, ದನ ದಾಟದಂತೆ ಮನುಷ್ಯ ಮಾತ್ರ ಹತ್ತಿ ಇಳಿಯುವಂಥದ್ದು, ಅದೇ ಇಲ್ಲಿಯೂ ಹಲವು ಬೇಲಿಗಳಲ್ಲಿ ಇದೆ. ಮಳೆಯಲ್ಲಿ ಅದರ ಹಲಗೆ ಪಾಚಿಗಟ್ಟಿ ಜಾರುತ್ತದೆ, ಗೂಟ ಹಿಡಿದೇ ದಾಟಿ. ಗೇಟು ಮುಚ್ಚಿದ್ದರೆ ಮುಚ್ಚಿಯೇ, ತೆರೆದಿದ್ದರೆ ತೆರೆದೇ ಬಿಡಬೇಕು. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ನಕಾಶೆಯಲ್ಲಿ ಈ ದಾರಿಗಳು ಹಸಿರು ತುಂಡುಗೆರೆಗಳಾಗಿ ಕಾಣುತ್ತವೆ, ತೋಟಗಳು ಸಾಲು ಸಾಲು ಪುಟ್ಟ ಮರಗಳಾಗಿ. ಅದರ ಎಕ್ಸ್‌ಪ್ಲೋರರ್ ಮಾಲೆಯ ನಕಾಶೆ ಸಂಖ್ಯೆ 190 ಲೆಡ್ಬರಿ ಮತ್ತು ಮಾಲ್ವರ್ನ್ ಬೆಟ್ಟಗಳಿಗೆ, ಮಚ್ ಮಾರ್ಕಲ್ ಕಡೆಗೆ 189. ಮಣ್ಣು ಕೆಂಪು ಜೇಡಿ, ಅಕ್ಟೋಬರ್ ನಂತರ ಕಾಲಿಗೆ ಅಂಟಿಕೊಂಡು ಭಾರವಾಗುತ್ತದೆ. ಕ್ಯಾನ್ವಾಸ್ ಶೂ ಸಾಲದು.

ದಾರಿಗೆ ಹಕ್ಕಿದೆಯೇ ಹೊರತು ಹಣ್ಣಿಗಿಲ್ಲ. ನೆಲಕ್ಕೆ ಬಿದ್ದ ಹಣ್ಣು ಯಾರಿಗೂ ಬೇಡವಾದದ್ದೆಂದು ಭಾವಿಸಬೇಡಿ. ಸೈಡರ್ ಸೇಬನ್ನು ಕೈಯಿಂದ ಕೀಳುವುದಿಲ್ಲ; ಮರ ಅಲುಗಿಸಿ ಹುಲ್ಲಿನ ಮೇಲೆ ಬೀಳಿಸಿ ಯಂತ್ರದಿಂದ ಬಾಚಿಕೊಳ್ಳುತ್ತಾರೆ. ಬಿದ್ದಿರುವುದೇ ಬೆಳೆ. ಅದು ಗಲೀಜಾಗಬಾರದೆಂದೇ ಮೇಯುವ ಕುರಿಗಳನ್ನು ಕೊಯ್ಲಿಗೆ ಸುಮಾರು ಎರಡು ತಿಂಗಳು ಮೊದಲು ತೋಟದಿಂದ ಹೊರಗಟ್ಟುತ್ತಾರೆ. ಬೇಲಿಯಲ್ಲಿ ತಾನಾಗಿ ಬೆಳೆದ ಬ್ಲ್ಯಾಕ್‌ಬೆರಿಯನ್ನು ಮನೆಮಟ್ಟಿಗೆ ಕಿತ್ತುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಹಳೆಯ ಮರಗಳ ಮೇಲೆ ಹಸಿರು ಚೆಂಡುಗಳು ತೂಗಾಡುತ್ತವೆ. ಅದು ಬಂದಳಿಕೆ, ಮಿಸಲ್‌ಟೋ. ಕ್ರಿಸ್ಮಸ್ಸಿಗೆ ಮೊದಲು ಉತ್ತರಕ್ಕಿರುವ ಟೆನ್‌ಬರಿ ವೆಲ್ಸ್ ಬಳಿ ಕಟ್ಟು ಕಟ್ಟಾಗಿ ಹರಾಜಾಗುತ್ತದೆ. ಬಿಳಿ ಹಣ್ಣು ಬಿಡುವುದು ಹೆಣ್ಣು ಗಿಡ ಮಾತ್ರ, ಮಾರಾಟಕ್ಕೆ ಅದನ್ನಷ್ಟೇ ಕತ್ತರಿಸಿ ಗಂಡನ್ನು ಹಾಗೇ ಬಿಟ್ಟರೆ ಅದು ಹಬ್ಬಿ, ಗಾಳಿಗೆ ಕೊಂಬೆ ಸೀಳುತ್ತದೆ. ಒಡೆಯರಿಲ್ಲದ ಹಳೇ ತೋಟಗಳು ಹೀಗೇ ಹಾಳಾಗುತ್ತಿರುವುದು ನೋಡಲು ಸಂಕಟ. ಆ ಟೊಳ್ಳು ಮರಗಳಲ್ಲಿ ಗೂಬೆ, ಮರಕುಟಿಗ, ಅಪರೂಪದ ಜೀರುಂಡೆಗಳು ಬಾಳುತ್ತವೆ.

ಸಮಯವಿದ್ದರೆ ಪೂರ್ವಕ್ಕೆ ಆರೇಳು ಕಿಲೋಮೀಟರ್ ದೂರದ ಬ್ರಿಟಿಷ್ ಕ್ಯಾಂಪ್ ಹತ್ತಿ, ಎತ್ತರ 338 ಮೀಟರ್. ಕಬ್ಬಿಣ ಯುಗದ ಕೋಟೆಯ ಮಣ್ಣಿನ ದಿಬ್ಬಗಳ ಮೇಲೆ ನಿಂತರೆ ಪಶ್ಚಿಮಕ್ಕೆ ಹೆರೆಫರ್ಡ್‌ಶೈರಿನ ತೋಟಗಳು ಬಾಚಣಿಗೆ ಎಳೆದ ಹಾಗೆ ಕಾಣುತ್ತವೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದಾಚೆ ಸಂಜೆ ಐದಕ್ಕೆಲ್ಲ ಕತ್ತಲು, ತೋಟದ ದಾರಿಗಳಲ್ಲಿ ದೀಪವಿರುವುದಿಲ್ಲ. ನಾಲ್ಕರೊಳಗೆ ಊರು ಸೇರಿಕೊಳ್ಳಿ.

ಇಂಥ ಊರುಗಳ ಚಿತ್ರ ಅಚ್ಚು ಹಾಕುವಾಗ ತೆಗೆದ ತಿಂಗಳು, ಹತ್ತಿರದ ರೈಲು ನಿಲ್ದಾಣ, ನಕಾಶೆಯ ಸಂಖ್ಯೆ ಈ ಮೂರನ್ನೂ ಅಡಿಬರಹದಲ್ಲಿ ಕೊಡಬೇಕೆಂದು ಕೋರುತ್ತೇವೆ.

– ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿರುವ ಕನ್ನಡ ಓದುಗರು