ಇವತ್ತು ರಾತ್ರಿ ಐಸ್ ಕಟ್ಟುತ್ತದೆ, ಹುಷಾರು

ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋದಲ್ಲಿ ಇವತ್ತು ರಾತ್ರಿ ಮೈನಸ್ 4 ಡಿಗ್ರಿ ಅಂತಿದೆ. ಈ ಸಲ ಊರಿಂದ ಹೊಸದಾಗಿ ಬಂದವರು ಜಾಸ್ತಿ, ಅದಕ್ಕೇ ಈ ಮಾತು.

ಐಸ್ ಕರಗಲಿ ಅಂತ ಕೌನ್ಸಿಲ್ (ಇಲ್ಲಿನ ನಗರಸಭೆ) ಗಾಡಿ ರಸ್ತೆಗೆ ಉಪ್ಪು ಹಾಕುತ್ತದೆ, ನಿಜ. ಆದರೆ ಮೊದಲು ದೊಡ್ಡ ರಸ್ತೆ, ಬಸ್ ಓಡುವ ದಾರಿ. ನಮ್ಮ ಒಳರಸ್ತೆಗಳ ಸರದಿ ಆಮೇಲೆ. ಉಪ್ಪು ಬಿದ್ದ ತಕ್ಷಣ ಐಸ್ ಮಾಯವಾಗುವುದೂ ಇಲ್ಲ. ಮೇಲೆ ಗಾಡಿಗಳು ಓಡಾಡಿ ಅರೆದರೇನೇ ಅದು ಚೆನ್ನಾಗಿ ಕರಗುವುದು. ಹಾಗಾಗಿ ಫುಟ್‌ಪಾತ್ ಮೇಲೆ ಇನ್ನೂ ಹುಷಾರಾಗಿರಿ.

ರಸ್ತೆ ಪಕ್ಕದ ಡಬ್ಬದಲ್ಲಿರುವ ಕಂದು ಉಪ್ಪು ಎಲ್ಲರೂ ಓಡಾಡುವ ರಸ್ತೆಗೆ, ಫುಟ್‌ಪಾತ್‌ಗೆ. ನಮ್ಮ ಡ್ರೈವ್‌ವೇಗೆ ಅಲ್ಲ. ಮನೆ ಮುಂದಕ್ಕೆ ಅಡುಗೆ ಉಪ್ಪೇ ಸಾಕು, ಚದರ ಮೀಟರಿಗೆ ಒಂದು ದೊಡ್ಡ ಚಮಚ. ಮಲಗುವ ಮುಂಚೆ ಹಾಕಿ. ಗಿಡದ ಬುಡಕ್ಕೆ ಬೀಳದಿರಲಿ.

ಬಿಸಿನೀರು ಮಾತ್ರ ಬೇಡ. ಹೋದ ವರ್ಷ ನಾನು ಬಾಗಿಲ ಮುಂದೆ ಜಾಣನ ಹಾಗೆ ಒಂದು ಕೆಟಲ್ ಸುರಿದೆ. ಸ್ವಲ್ಪ ಹೊತ್ತಿಗೆ ಅದೇ ಗಾಜಿನಂತೆ ಗಟ್ಟಿಯಾಗಿತ್ತು. ಹಾಲು ತರಲು ಹೊರಟವನು ಅಲ್ಲೇ ಕೂತೆ! ಸೊಂಟ ಇನ್ನೂ ನೆನಪಿಸುತ್ತದೆ.

ಮಕ್ಕಳಿಗೆ ಬೇಜಾರಾದರೆ ಟ್ರಾಫಿಕ್ ಸ್ಕಾಟ್ಲೆಂಡ್ ವೆಬ್‌ಸೈಟಿನ ನಕ್ಷೆ ತೋರಿಸಿ. ಹೆದ್ದಾರಿಯ ಉಪ್ಪಿನ ಗಾಡಿಗಳು ಎಲ್ಲಿವೆ ಅಂತ ಕಾಣುತ್ತದೆ. ಒಂದೊಂದಕ್ಕೂ ಹೆಸರಿದೆ: ‘ಗ್ರಿಟ್ನಿ ಸ್ಪಿಯರ್ಸ್’ (ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಹೆಸರಿಗೆ ‘ಗ್ರಿಟ್’, ಅಂದರೆ ರಸ್ತೆಗೆ ಹಾಕುವ ಉಪ್ಪು, ಸೇರಿಸಿದ್ದು), ‘ಸರ್ ಆಂಡಿ ಫ್ಲರ್ರಿ’ (ಟೆನಿಸ್ ಆಟಗಾರ ಆಂಡಿ ಮರ್ರಿ ಹೆಸರಿಗೆ ‘ಫ್ಲರ್ರಿ’, ಅಂದರೆ ಹಗುರ ಹಿಮಪಾತ, ಸೇರಿಸಿದ್ದು). ಇಲ್ಲಿಯವರ ತಮಾಷೆ ಚೆನ್ನಾಗಿದೆ ಅಲ್ವಾ?

ನಾಳೆ ಕನ್ನಡ ತರಗತಿ 10ಕ್ಕಲ್ಲ, 11 ಗಂಟೆಗೆ. ನಡೆದು ಬರುವವರು ಹಿಡಿತ ಇರುವ ಬೂಟು ಹಾಕಿಕೊಂಡು ಬನ್ನಿ.