ತಂದೆಯೇ ಎಂದು ಕರೆಯಲಾರದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನೇ,

ನಿನ್ನ ಪತ್ರ ತಲುಪಿತು. ನಿನ್ನ ತಂದೆಯವರ ಅಂತ್ಯಸಂಸ್ಕಾರದ ದಿನ ಸಭಾಪಾಲಕರು ಕರ್ತನ ಪ್ರಾರ್ಥನೆಯನ್ನು ಆರಂಭಿಸಿದಾಗ ಎಲ್ಲರೊಡನೆ ನೀನೂ ಬಾಯಿ ತೆರೆದೆಯಾದರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಮೊದಲ ಮಾತೇ ಗಂಟಲಲ್ಲಿ ನಿಂತುಹೋಯಿತೆಂದೂ, ಅಂದಿನಿಂದ ದೇವರನ್ನು ಕರ್ತನೇ ಎಂದೋ ಒಡೆಯನೇ ಎಂದೋ ಕರೆಯಬಲ್ಲೆಯೇ ಹೊರತು ತಂದೆಯೇ ಎಂದು ಕರೆಯಲಾಗುತ್ತಿಲ್ಲವೆಂದೂ ಬರೆದಿದ್ದೀಯೆ. ಯೇಸುವಿನ ಮೇಲಿನ ನಂಬಿಕೆ ಹೋಗಿಲ್ಲ, ಆದರೆ ಆತನು ಯಾರನ್ನು ತಂದೆಯೆಂದನೋ ಆತನ ಬಳಿಗೆ ಹೋಗಲು ಕಾಲೇ ಏಳುವುದಿಲ್ಲ ಎಂಬ ನಿನ್ನ ಮಾತನ್ನು ಮತ್ತೆ ಮತ್ತೆ ಓದಿದೆ. ಉತ್ತರವನ್ನು ನಾಲ್ಕು ಜನ ಓದುವಂತೆ ಬರೆ ಎಂದು ನೀನೇ ಹೇಳಿರುವುದರಿಂದ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಈ ಕಷ್ಟವನ್ನು ಒಳಗೇ ಇಟ್ಟುಕೊಂಡು ಪ್ರತಿ ಭಾನುವಾರ ತುಟಿಯಲ್ಲಾಡಿಸಿ ಮನೆಗೆ ಹೋಗುವವರು ನಮ್ಮ ಸಭೆಗಳಲ್ಲಿ ಇನ್ನೂ ಇರಬೇಕೆಂದು ನನ್ನ ಅನಿಸಿಕೆ.

ನಿನ್ನ ತಂದೆಯವರನ್ನು ನಾನೂ ಬಲ್ಲೆ. ನಿಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಕಪ್ಪು ರಟ್ಟಿನ ಸತ್ಯವೇದ, ಅದರ ಮಗ್ಗುಲಲ್ಲಿಯೇ ತುದಿ ಸೀಳಿದ ಬೆತ್ತ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಕಂಠಪಾಠದ ವಚನ ತಪ್ಪಿದವನಿಗೆ ಮೊದಲು ಏಟು, ಆಮೇಲೆ ಊಟ. ಊರಿನವರ ಪಾಲಿಗೆ ಅವರು ಸಭೆಯ ಹಿರಿಯರು, ದೊಡ್ಡ ಭಕ್ತರು, ಪರರ ಕಾಸು ಮುಟ್ಟದವರು. ಅದೆಲ್ಲವೂ ನಿಜವೇ ಆಗಿದ್ದುದರಿಂದ ನಿನ್ನ ಸಂಕಟವನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಮಗನ ಮೇಲೆ ಬೆತ್ತ ಎತ್ತದವನು ಮಗನಿಗೆ ವೈರಿ ಎಂಬ ಅರ್ಥದ ಜ್ಞಾನೋಕ್ತಿ ಅವರ ನಾಲಗೆಯ ತುದಿಯಲ್ಲಿತ್ತು. ತಂದೆಗಳು ಮಕ್ಕಳನ್ನು ಕೆಣಕಬಾರದು, ಕೆಣಕಿದರೆ ಅವರು ಎದೆಗುಂದುವರು ಎಂದು ಅಪೊಸ್ತಲನಾದ ಪೌಲನು ಕೊಲೊಸ್ಸೆಯವರಿಗೆ ಬರೆದ ಮಾತೂ ಅದೇ ಸತ್ಯವೇದದಲ್ಲಿದೆ. ಮಕ್ಕಳು ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂಬ ಅದರ ಹಿಂದಿನ ವಚನದ ಮೇಲೆ ನಾವಿಬ್ಬರೂ ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಇದರ ಮೇಲೆ ಒಂದನ್ನಾದರೂ ಕೇಳಿದ ನೆನಪು ನನಗಿಲ್ಲ.

ಇಂಥ ನೋವನ್ನು ಹೇಳಿಕೊಂಡವರಿಗೆ ನಮ್ಮವರು ಸಾಮಾನ್ಯವಾಗಿ ಕೊಡುವ ಸಮಾಧಾನವೊಂದಿದೆ: ನಿನ್ನ ತಂದೆಯಲ್ಲಿದ್ದ ಒಳ್ಳೆಯದನ್ನೆಲ್ಲ ನೆನಪಿಸಿಕೊ, ಅದನ್ನು ನೂರ್ಮಡಿ ಮಾಡು, ಕೆಟ್ಟದ್ದನ್ನು ಕಳೆದುಬಿಡು, ಉಳಿದದ್ದೇ ದೇವರು. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಎಷ್ಟು ದೊಡ್ಡದು ಮಾಡಿದರೂ ಅದು ಮನುಷ್ಯನ ಚಿತ್ರವೇ, ಮತ್ತು ನಿನ್ನಂಥವನು ಆ ಚಿತ್ರವನ್ನು ದೊಡ್ಡದು ಮಾಡಿದಷ್ಟೂ ಬೆತ್ತವೂ ದೊಡ್ಡದಾಗುತ್ತದೆ. ಯೇಸುವಿಗಂತೂ ಲೋಕದ ತಂದೆಗಳ ವಿಷಯದಲ್ಲಿ ಯಾವ ಭ್ರಮೆಯೂ ಇರಲಿಲ್ಲ. ರೊಟ್ಟಿ ಕೇಳಿದ ಮಗನಿಗೆ ಕಲ್ಲು ಕೊಡುವವನು ಯಾರೆಂದು ಕೇಳಿದ ಉಸಿರಿನಲ್ಲಿಯೇ ಆತನು ತನ್ನ ಮುಂದೆ ಕುಳಿತಿದ್ದ ತಂದೆಗಳನ್ನು ‘ಕೆಟ್ಟವರಾದ ನೀವು’ ಎಂದು ಕರೆದದ್ದನ್ನು ಮತ್ತಾಯನು ಏಳನೆಯ ಅಧ್ಯಾಯದಲ್ಲಿ ಬರೆದಿಟ್ಟಿದ್ದಾನೆ. ಅದೇ ಸುವಾರ್ತೆಯ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ, ಭೂಲೋಕದಲ್ಲಿ ಯಾರನ್ನೂ ತಂದೆಯೆಂದು ಕರೆಯಬೇಡಿರಿ, ಪರಲೋಕದಲ್ಲಿರುವಾತನೊಬ್ಬನೇ ನಿಮಗೆ ತಂದೆ ಎನ್ನುತ್ತಾನೆ. ನಿನ್ನ ಅಪ್ಪನಿಂದ ಹೊರಟು ದೇವರವರೆಗೆ ಏರುವ ದಾರಿಯೊಂದಿದ್ದಿದ್ದರೆ ಆತನು ಹೀಗೆ ಮಾತನಾಡುತ್ತಿರಲಿಲ್ಲ.

ಹಾಗಾದರೆ ಎಲ್ಲಿಂದ ಹೊರಡಬೇಕು? ಬಸವಣ್ಣನವರು ಕೂಡಲಸಂಗಮದೇವನನ್ನೇ ತನ್ನ ತಂದೆ, ತಾಯಿ, ಬಂಧು, ಬಳಗವೆಂದ ನಾಡು ನಮ್ಮದು. ದೇವರನ್ನು ತಂದೆಯೆಂದು ಕರೆಯುವುದು ಕ್ರೈಸ್ತರಿಗಷ್ಟೇ ಸೇರಿದ ಸೊತ್ತೇನೂ ಅಲ್ಲ. ಯೇಸುವಿಗಿಂತ ಮೊದಲೂ ಇಸ್ರಾಯೇಲ್ಯರು ಹಾಗೆ ಕರೆದಿದ್ದಾರೆ. ಅಬ್ರಹಾಮನು ನಮ್ಮನ್ನು ಅರಿಯದಿದ್ದರೂ ನೀನೇ ನಮ್ಮ ತಂದೆಯೆಂದು ಯೆಶಾಯನ ಗ್ರಂಥ ಮೊರೆಯಿಡುತ್ತದೆ; ತಂದೆತಾಯಿಗಳು ತೊರೆದುಬಿಟ್ಟರೂ ಯೆಹೋವನು ಸೇರಿಸಿಕೊಳ್ಳುವನೆಂದು ಇಪ್ಪತ್ತೇಳನೆಯ ಕೀರ್ತನೆ ಹೇಳುತ್ತದೆ. ಹೊಸ ಒಡಂಬಡಿಕೆಯಲ್ಲಿ ಹೊಸದೇನೆಂದರೆ ಮಗನೊಬ್ಬನು ನಮ್ಮ ಕಣ್ಣ ಮುಂದೆ ನಿಂತಿದ್ದಾನೆ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯನಾದ ಫಿಲಿಪ್ಪನು, ಸ್ವಾಮೀ, ತಂದೆಯನ್ನು ನಮಗೆ ತೋರಿಸು, ಅಷ್ಟು ಸಾಕು ಎಂದು ಕೇಳಿಕೊಂಡಾಗ, ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಎಂದು ಯೇಸು ಉತ್ತರಿಸಿದನು. ಕುಷ್ಠರೋಗಿಯನ್ನು ಮುಟ್ಟಿದ ಕೈ, ಮಕ್ಕಳನ್ನು ಅಪ್ಪಿಕೊಂಡ ತೋಳು, ಶಿಷ್ಯರ ಕಾಲು ತೊಳೆಯಲು ಸೊಂಟಕ್ಕೆ ಕಟ್ಟಿಕೊಂಡ ಕೈಪಾವಡ, ಇವನ್ನು ನೋಡಿಯೇ ತಂದೆ ಎಂಥವನೆಂದು ತಿಳಿಯಬೇಕು. ತಂದೆ ಬೇರೆ ಸ್ವಭಾವದವನು, ಮಗನು ಮಾತ್ರ ಮೃದು ಎಂದು ಎಣಿಸುವುದಕ್ಕೆ ಈ ಉತ್ತರವು ಎಡೆಗೊಡುವುದಿಲ್ಲ.

ಕ್ರಿ.ಶ. 325ರಲ್ಲಿ ನಿಕೇಯ ಪಟ್ಟಣದಲ್ಲಿ ಮಹಾಸಭೆಯಾಗಿ ಸೇರಿದ ಸಭಾಧ್ಯಕ್ಷರು, ಅಂದರೆ ಬಿಷಪರು, ವಾದಿಸಿದ್ದೂ ಇದನ್ನೇ, ಅದನ್ನು ಒಣ ಪಾಂಡಿತ್ಯವೆಂದು ತಳ್ಳಿಹಾಕಬೇಡ. ಮಗನು ಇಲ್ಲದಿದ್ದ ಕಾಲವೊಂದಿತ್ತು ಎಂಬುದು ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸನ ವಾದ. ಹಾಗಿದ್ದರೆ ದೇವರು ತಂದೆಯಲ್ಲದಿದ್ದ ಕಾಲವೂ ಇತ್ತು, ತಂದೆತನವು ಆತನು ನಡುವೆ ಹೊದ್ದುಕೊಂಡ ಪದವಿ ಎಂದಾಗುತ್ತದೆ. ಆ ಸಭೆಗೆ ಕಿರಿಯ ಸಭಾಸೇವಕನಾಗಿ ಬಂದು, ಮುಂದೆ ಬಿಷಪನಾಗಿ ಐದು ಸಲ ಗಡೀಪಾರಾದ ಅಥನಾಸಿಯಸನು ಇದನ್ನು ಒಪ್ಪಲಿಲ್ಲ. ದೇವರನ್ನು ಆತನ ಸೃಷ್ಟಿಯಿಂದ ಗುರುತಿಸಿ ಹೆಸರಿಡುವುದಕ್ಕಿಂತ ಮಗನಿಂದ ಗುರುತಿಸಿ ತಂದೆಯೆನ್ನುವುದೇ ಹೆಚ್ಚು ಸತ್ಯವೆಂದು ಅವನು ಬರೆದನು. ಅಂದರೆ ಲೋಕವೂ ನಾವೂ ನಮ್ಮ ಅಪ್ಪಂದಿರೂ ಹುಟ್ಟುವ ಮೊದಲೇ ಆತನು ತಂದೆ. ನಿನ್ನ ಮನೆಯಲ್ಲಿ ನಡೆದದ್ದು ಆತನ ತಂದೆತನಕ್ಕೆ ಮಾದರಿಯೂ ಅಲ್ಲ, ಅಳತೆಗೋಲೂ ಅಲ್ಲ.

ಈಗ ಲೂಕನ ಹದಿನೈದನೆಯ ಅಧ್ಯಾಯಕ್ಕೆ ಬರೋಣ. ತಪ್ಪಿಹೋದ ಮಗನ ಸಾಮ್ಯವನ್ನು ನಾವು ಚಿಕ್ಕಂದಿನಿಂದ ಎಷ್ಟು ಕೇಳಿದ್ದೇವೆಂದರೆ ಅದರ ಮೊನೆಯೇ ಸವೆದುಹೋಗಿದೆ. ಸುಂಕದವರೂ ಪಾಪಿಗಳೂ ಯೇಸುವಿನ ಸುತ್ತ ಸೇರುತ್ತಿದ್ದರು, ಆತನು ಅವರ ಪಂಕ್ತಿಯಲ್ಲಿ ಉಣ್ಣುತ್ತಿದ್ದನು, ಅದನ್ನು ಕಂಡು ಧರ್ಮನಿಯಮಗಳಲ್ಲಿ ಕಟ್ಟುನಿಟ್ಟಾದ ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದರು, ಆ ಗೊಣಗಾಟಕ್ಕೆ ಉತ್ತರವಾಗಿ ಈ ಕಥೆ ಬಂತು. ಕೇಳುತ್ತಿದ್ದವರಿಗೆ ಧರ್ಮೋಪದೇಶಕಾಂಡದ ಇಪ್ಪತ್ತೊಂದನೆಯ ಅಧ್ಯಾಯವೂ ಚೆನ್ನಾಗಿ ಗೊತ್ತಿತ್ತು: ತಂದೆತಾಯಿಗಳ ಮಾತು ಕೇಳದ ಮೊಂಡ ಮಗನನ್ನು ಊರಬಾಗಿಲಿಗೆ ಎಳೆತಂದು ಹಿರಿಯರ ವಶಕ್ಕೆ ಕೊಡಬೇಕು, ಊರವರು ಕಲ್ಲೆಸೆದು ಕೊಲ್ಲಬೇಕು. ಅಂಥ ಮಗನು ತಂದೆ ಬದುಕಿರುವಾಗಲೇ ಪಾಲು ಕೇಳಿ, ಪಡೆದು, ಹಾಳುಮಾಡಿ, ಹಂದಿ ಕಾಯ್ದು ಹಿಂದಿರುಗುತ್ತಿದ್ದಾನೆ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಕನಿಕರಪಟ್ಟು, ಓಡಿಹೋಗಿ ಕೊರಳನ್ನಪ್ಪಿ ಮುದ್ದಿಡುತ್ತಾನೆ. ನಮ್ಮ ಕಡೆಯ ಹಳ್ಳಿಗಳಲ್ಲಿಯೂ ಮನೆಯ ಯಜಮಾನ ಬೀದಿಯಲ್ಲಿ ಓಡುವುದಿಲ್ಲ. ಎದುರಿಗೆ ಯಾರು ಬಂದರೂ ಅವನ ನಡಿಗೆ ಬದಲಾಗುವುದಿಲ್ಲ. ಊರೆಲ್ಲ ನೋಡುತ್ತಿರುವಾಗ ನಿಲುವಂಗಿ ಎತ್ತಿಕೊಂಡು ಓಡುವ ಮುದುಕನನ್ನು ಯೇಸು ತನ್ನ ತಂದೆಯ ಚಿತ್ರವೆಂದು ಕೊಟ್ಟನು. ಮಗನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತಿನಲ್ಲಿ ಕೂಲಿಯಾಳಾಗಿ ಇಟ್ಟುಕೋ ಎಂಬ ಕಡೆಯ ಭಾಗವನ್ನು ಹೇಳುವ ಮೊದಲೇ ಶ್ರೇಷ್ಠವಾದ ನಿಲುವಂಗಿ, ಉಂಗುರ, ಜೋಡುಗಳಿಗೆ ಅಪ್ಪಣೆಯಾಗಿದೆ.

ಆದರೆ ನಿನ್ನ ಕಥೆ ಈ ಚಿಕ್ಕ ಮಗನದಲ್ಲ, ಮನೆಯಲ್ಲೇ ಉಳಿದು ದುಡಿದ ಹಿರಿಯ ಮಗನದು ಎಂದು ನನಗೆ ತೋರುತ್ತದೆ. ನೀನು ಮನೆ ಬಿಟ್ಟವನಲ್ಲ, ದುಂದು ಮಾಡಿದವನಲ್ಲ. ಹೇಳಿದ ವಚನ ಕಲಿತೆ, ಹೇಳಿದ ಕೋರ್ಸಿಗೆ ಸೇರಿದೆ, ಕಡೆಯವರೆಗೂ ಔಷಧಿಯ ಖರ್ಚು ಹೊತ್ತೆ. ಇಷ್ಟು ವರ್ಷ ನಿನಗೆ ಜೀತದವನಂತೆ ದುಡಿದೆನಲ್ಲಾ, ಒಂದು ಆಡುಮರಿಯನ್ನಾದರೂ ಕೊಟ್ಟೆಯಾ ಎಂಬ ಹಿರಿಯ ಮಗನ ಕೂಗಿನಲ್ಲಿ ನಿನ್ನ ದನಿಯನ್ನು ಕೇಳುತ್ತೇನೆ. ಅವನ ಪಾಲಿಗೆ ತಂದೆಯೆಂದರೆ ಧಣಿ, ಮನೆಯೆಂದರೆ ದುಡಿಮೆಯ ಹೊಲ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ತಮ್ಮನು ಬಂದುದಕ್ಕಾಗಿ ನಡೆದ ಔತಣಕ್ಕೆ ಬಾರದೆ ಕೋಪದಿಂದ ಹೊರಗೆ ನಿಂತ ಅವನನ್ನು ಕರೆತರಲು ತಂದೆಯು ಆಳನ್ನು ಕಳುಹಿಸಲಿಲ್ಲ, ಔತಣವನ್ನು ಬಿಟ್ಟು ತಾನೇ ಹೊರಗೆ ಬಂದು ಬೇಡಿಕೊಂಡನು. ಒಬ್ಬನಿಗಾಗಿ ಓಡಿದಾತನೇ ಇನ್ನೊಬ್ಬನಿಗಾಗಿ ಅಂಗಳಕ್ಕಿಳಿದು ಬೈಗುಳ ಕೇಳಿಸಿಕೊಂಡನು. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಯೇಸು ಹೇಳದೆ ಬಿಟ್ಟಿದ್ದಾನೆ.

ಇದನ್ನೆಲ್ಲ ಹೇಳುತ್ತಿರುವಾತನಿಗೆ ತಂದೆಯ ಮೌನದ ಅನುಭವವಿತ್ತೇ ಎಂದು ನೀನು ಕೇಳಬಹುದು. ಇತ್ತು. ಸುವಾರ್ತೆಗಳಲ್ಲಿ ಯೇಸು ‘ಅಪ್ಪಾ, ತಂದೆಯೇ’ ಎಂದು ಕೂಗುವುದು ಒಂದೇ ಕಡೆ, ಮಾರ್ಕನ ಹದಿನಾಲ್ಕನೆಯ ಅಧ್ಯಾಯದಲ್ಲಿ, ಗೆತ್ಸೇಮನೆಯ ತೋಟದಲ್ಲಿ. ಈ ಪಾತ್ರೆಯನ್ನು, ಅಂದರೆ ಬರಲಿದ್ದ ಸಂಕಟವನ್ನು, ತೊಲಗಿಸು ಎಂದು ನೆಲದ ಮೇಲೆ ಬಿದ್ದು ಬೇಡಿಕೊಂಡರೂ ಅದು ತೊಲಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಆತನು ಶಿಲುಬೆಯ ಮೇಲಿಂದ ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಮಾತಿನಲ್ಲಿ ಕೂಗಿದಾಗ ‘ನನ್ನ ದೇವರೇ, ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟಿದ್ದೀ’ ಎಂದನು. ಮಾರ್ಕನೂ ಮತ್ತಾಯನೂ ಬರೆದಿಟ್ಟಿರುವ ಆ ಪ್ರಾರ್ಥನೆಯಲ್ಲಿ ತಂದೆಯೇ ಎಂಬ ಕರೆ ಇಲ್ಲ. ಆದುದರಿಂದ, ಗೆಳೆಯನೇ, ಆ ಮಾತು ಬಾಯಿಗೆ ಬಾರದ ಗಳಿಗೆಯಲ್ಲಿ ನೀನು ಕ್ರಿಸ್ತನಿಂದ ದೂರವಾದೆಯೆಂದು ತಿಳಿಯಬೇಡ. ಆತನೂ ಅಲ್ಲಿ ನಿಂತಿದ್ದಾನೆ, ನಿನಗಿಂತ ಬಹಳ ಆಳದಲ್ಲಿ ನಿಂತಿದ್ದಾನೆ. ‘ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂಬ ಕಡೆಯ ಮಾತನ್ನು ಲೂಕನು ಕೇಳಿಸುತ್ತಾನೆ. ಎರಡನ್ನೂ ಸತ್ಯವೇದವು ಉಳಿಸಿಕೊಂಡಿದೆ, ಒಂದಕ್ಕಾಗಿ ಇನ್ನೊಂದನ್ನು ಅಳಿಸಿಲ್ಲ.

ಯೇಸು ಸತ್ತವರೊಳಗಿಂದ ಎದ್ದ ಮೂರನೆಯ ದಿನದ ಮುಂಜಾನೆ ನಡೆದದ್ದು ನನಗೆ ಈ ವಿಷಯದ ಹೃದಯವಾಗಿದೆ. ತನ್ನನ್ನು ಹಿಂಬಾಲಿಸಿದ ಮಗ್ದಲದ ಮರಿಯಳಿಗೆ ಕರ್ತನು, ನನ್ನ ಸಹೋದರರ ಬಳಿಗೆ ಹೋಗಿ, ನನ್ನ ತಂದೆಯೂ ನಿಮ್ಮ ತಂದೆಯೂ ನನ್ನ ದೇವರೂ ನಿಮ್ಮ ದೇವರೂ ಆಗಿರುವಾತನ ಬಳಿಗೆ ಏರಿಹೋಗುತ್ತೇನೆಂದು ತಿಳಿಸು ಎನ್ನುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಶಿಷ್ಯರನ್ನು ಆತನು ಸಹೋದರರೆಂದು ಕರೆಯುವುದು ಇಲ್ಲಿಯೇ ಮೊದಲು, ಅದೂ ತನ್ನನ್ನು ಬಿಟ್ಟು ಓಡಿಹೋದವರನ್ನು. ಇದನ್ನೇ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ದತ್ತು ಸ್ವೀಕಾರವೆನ್ನುತ್ತಾನೆ. ರೋಮಿನ ಕಾನೂನಿನಲ್ಲಿ ದತ್ತು ಹೋದವನಿಗೆ ಹೊಸ ತಂದೆಯ ಹೆಸರೂ ಆಸ್ತಿಯ ಹಕ್ಕೂ ಪೂರ್ತಿಯಾಗಿ ಬರುತ್ತಿದ್ದವು. ಅಗಸ್ಟಸ್ ಚಕ್ರವರ್ತಿಯೇ ಜೂಲಿಯಸ್ ಸೀಸರನ ದತ್ತುಪುತ್ರ. ದತ್ತಿನ ಬೆಲೆ ನಮ್ಮ ಭಾಗದವರಿಗೆ ಬೇರೊಂದು ಬಗೆಯಿಂದ ಗೊತ್ತು: 1824ರಲ್ಲಿ ಕಿತ್ತೂರಿನ ದತ್ತು ಮಗನನ್ನು ಕಂಪನಿ ಸರ್ಕಾರ ವಾರಸುದಾರನೆಂದು ಒಪ್ಪದೆ ಹೋದದ್ದರಿಂದಲೇ ಚೆನ್ನಮ್ಮ ರಾಣಿಯ ಯುದ್ಧ ನಡೆಯಿತು. ಹೊರಗಿನ ಅಧಿಕಾರಿಯೊಬ್ಬನು ಇವನು ಮಗನಲ್ಲವೆಂದು ಹೇಳಬಲ್ಲನೇ ಎಂಬ ಪ್ರಶ್ನೆ ಇಲ್ಲಿಯೂ ಇದೆ. ಯೇಸುವನ್ನು ನಂಬಿದವರಿಗೆ ದೇವರ ಮಕ್ಕಳಾಗುವ ಅಧಿಕಾರವನ್ನು ಕೊಟ್ಟವನು ಆತನೇ ಎಂದು ಯೋಹಾನನು ಹೇಳುವಾಗ ಆ ಅಧಿಕಾರವು ನಮ್ಮ ಭಾವನೆಗಳ ಕೈಯಲ್ಲಿಲ್ಲ, ನಮ್ಮನ್ನು ಹೆತ್ತವರ ಕೈಯಲ್ಲಿಯೂ ಇಲ್ಲ. ಯೇಸುವನ್ನೂ ದಾವೀದನ ವಂಶದಲ್ಲಿ ಸೇರಿಸಿದವನು ಹೆತ್ತ ತಂದೆಯಲ್ಲದ ಯೋಸೇಫನೇ ಎಂಬುದನ್ನು ಮತ್ತಾಯನ ಮೊದಲ ಅಧ್ಯಾಯದಲ್ಲಿ ಓದಿದಾಗಲೆಲ್ಲ ನನಗೆ ಒಂದು ಬಗೆಯ ಸಂತೋಷವಾಗುತ್ತದೆ.

ಹೀಗಾಗಿ ನಿನಗೆ ಕೊಡುವ ಸಲಹೆ ಒಂದೇ. ತಂದೆಯೇ ಎಂದು ಬಲವಂತವಾಗಿ ಕರೆಯಬೇಡ. ಪೌಲನೂ ಪೇತ್ರನೂ ತಮ್ಮ ಪತ್ರಿಕೆಗಳ ಮೊದಲಲ್ಲಿ ಬಳಸಿದ ಹೆಸರಿನಿಂದ ಕರೆ: ‘ನಮ್ಮ ಕರ್ತನಾದ ಯೇಸು ಕ್ರಿಸ್ತನ ತಂದೆಯಾದ ದೇವರೇ.’ ಯಾರ ತಂದೆ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ನಿನ್ನ ಪಡಸಾಲೆಯ ನೆನಪು ಆ ಮಾತಿನೊಳಕ್ಕೆ ಅಷ್ಟು ಸುಲಭವಾಗಿ ನುಗ್ಗಲಾರದು. ಉಳಿದದ್ದನ್ನು ಸಭೆ ಹೇಳಲಿ. ನಮ್ಮ ದೇವಾಲಯದಲ್ಲಿ ಎರಡನೆಯ ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳುವ ಅಜ್ಜಿಯೊಬ್ಬರಿಗೆ ಕಿವಿ ಮಂದ. ಎಲ್ಲರೂ ಆಮೆನ್ ಎಂದ ಮೇಲೂ ಅವರು ‘ರಾಜ್ಯವೂ ಬಲವೂ ಮಹಿಮೆಯೂ’ ಎನ್ನುತ್ತಿರುತ್ತಾರೆ, ಸಭಾಪಾಲಕರು ಅವರು ಮುಗಿಸುವವರೆಗೆ ಪುಸ್ತಕದ ಹಾಳೆ ತಿರುವದೆ ಕಾಯುತ್ತಾರೆ. ಆ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ನಿನ್ನ ಬಾಯಿ ಕಟ್ಟಿದ ಭಾನುವಾರ ಆ ಅಜ್ಜಿಯ ದನಿ ನಿನ್ನ ಲೆಕ್ಕಕ್ಕೂ ಸೇರುತ್ತದೆ ಎಂದು ನಾನು ನಂಬುತ್ತೇನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗಿದವನೂ ಒಬ್ಬ ತಂದೆಯೇ, ಮೂರ್ಛೆರೋಗದ ಮಗನನ್ನು ಎತ್ತಿಕೊಂಡು ಬಂದವನು. ಅಷ್ಟೇ ನಂಬಿಕೆಗೆ ಯೇಸು ಆ ಹುಡುಗನನ್ನು ಕೈಹಿಡಿದು ಎಬ್ಬಿಸಿದನು.

ಅಪ್ಪನನ್ನು ಕ್ಷಮಿಸಲೇಬೇಕೇ ಎಂಬ ನಿನ್ನ ಪ್ರಶ್ನೆಗೆ ಈ ಪತ್ರದಲ್ಲಿ ಉತ್ತರ ಬರೆಯುವುದಿಲ್ಲ. ಅದಕ್ಕೆ ಎದುರುಬದುರು ಕುಳಿತು ಮಾತನಾಡಬೇಕು. ಸಮಾಧಿಯ ಮಣ್ಣು ಇನ್ನೂ ಹಸಿಯಾಗಿರುವಾಗ ಅವಸರವೂ ಇಲ್ಲ. ಮಗನು ಸಂಡೇ ಸ್ಕೂಲಿನಲ್ಲಿ ಕಲಿತ ಕರ್ತನ ಪ್ರಾರ್ಥನೆಯನ್ನು ಮನೆಯಲ್ಲಿ ಒಪ್ಪಿಸಲು ಬಂದರೆ ಏನು ಮಾಡಲಿ ಎಂದು ಕೇಳಿದ್ದೀಯಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ತಪ್ಪಿದ ಕಡೆ ಮಾತು ಎತ್ತಿಕೊಡು, ಅಷ್ಟೇ. ಅದು ಮುಗಿದ ಮೇಲೆ ಲೂಕನ ಆ ಸಾಮ್ಯವನ್ನು ಅವನಿಗೆ ಪೂರ್ತಿಯಾಗಿ ಓದಿಹೇಳಿ, ಅಣ್ಣನು ಕಡೆಗೆ ಒಳಗೆ ಹೋದನೇ ಎಂದು ಕೇಳು. ಅವನು ಏನೆಂದನೆಂಬುದನ್ನು ನನಗೆ ಬರೆ.

ಕ್ರಿಸ್ತನಲ್ಲಿ ನಿನ್ನವನು,
ನಿನ್ನ ಗೆಳೆಯ